ಮಗನನ್ನು ಕಳೆದುಕೊಂಡ ಕಿಪ್ಲಿಂಗ್, ಮತ್ತು ಸಿನಿಮಾ ಬಿಟ್ಟ ಭಾಗ

‘ಮೈ ಬಾಯ್ ಜಾಕ್’ ನೋಡಿದ್ದೀರಾ? 2007ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಬಂದ ಸಿನಿಮಾ. ಹ್ಯಾರಿ ಪಾಟರ್ ಹುಡುಗ ಡೇನಿಯಲ್ ರ‍್ಯಾಡ್‌ಕ್ಲಿಫ್ ಇದ್ದಾನೆ ಅಂತ ನೋಡೋಕೆ ಕೂತವರೂ ಇರಬಹುದು. ಆದರೆ ಇದು ಅವನ ಸಿನಿಮಾ ಅಲ್ಲ. ಮಗನನ್ನು ಯುದ್ಧಕ್ಕೆ ಕಳಿಸಿ, ಅವನು ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಾಗದೆ ಒದ್ದಾಡಿದ ಅಪ್ಪ ಅಮ್ಮನದು. ಆ ಅಪ್ಪ ರುಡ್ಯಾರ್ಡ್ ಕಿಪ್ಲಿಂಗ್. ಹೌದು, ಮೋಗ್ಲಿ, ಬಘೀರನ ಕಥೆ ಬರೆದವನೇ. ಮುಂಬೈಯಲ್ಲಿ ಹುಟ್ಟಿ, 1907ರಲ್ಲಿ ನೊಬೆಲ್ ತಗೊಂಡವನು.

ಕಿಪ್ಲಿಂಗ್ ಪಾತ್ರ ಮಾಡಿದ ಡೇವಿಡ್ ಹೇಗ್ ಈ ಕಥೆಯನ್ನು ಮೊದಲು ನಾಟಕವಾಗಿ ಬರೆದದ್ದು. ಆ ಮೀಸೆ, ಆ ಕನ್ನಡಕ, ಹಳೇ ಫೋಟೋದಿಂದ ಎದ್ದು ಬಂದ ಹಾಗಿದ್ದಾನೆ. ನಟನೆ ಬಗ್ಗೆ ತಕರಾರೇ ಇಲ್ಲ. ನನ್ನ ತಕರಾರು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಥೆ. ಸಿನಿಮಾದ ಜಾಕ್ ಅಂದರೆ ಕಿಪ್ಲಿಂಗ್‌ನ ಮಗ ಜಾನ್, ರ‍್ಯಾಡ್‌ಕ್ಲಿಫ್ ಮಾಡಿರುವ ಪಾತ್ರ. ಮಗ ಜಾನ್‌ಗೆ ದೃಷ್ಟಿ ತೀರಾ ಕಡಿಮೆ. ಅಪ್ಪನಿಂದಲೇ ಬಂದದ್ದು. ಕನ್ನಡಕ ತೆಗೆದರೆ ಎದುರಿಗಿರುವುದೂ ಸರಿಯಾಗಿ ಕಾಣದು. ನೌಕಾಪಡೆ ಬೇಡ ಅಂದಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಸೇನೆಯೂ ಕಣ್ಣಿನ ಕಾರಣಕ್ಕೇ ಬೇಡ ಅಂದಿತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದರೆ ಅಪ್ಪ ದೇಶಕ್ಕೆಲ್ಲ ಗೊತ್ತಿರುವ ಕವಿ. ಬೇರೆಯವರ ಮಕ್ಕಳನ್ನು ಸೇನೆಗೆ ಸೇರಿ ಅಂತ ಕರೆಯುವವನು. ಅಂಥವನ ಮಗ ಮನೆಯಲ್ಲೇ ಕೂತರೆ ಜನ ಏನಂತಾರೆ? ಅವನಿಗೆ ಲಾರ್ಡ್ ರಾಬರ್ಟ್ಸ್ ಹಳೆಯ ಸ್ನೇಹಿತ. ಐರಿಷ್ ಗಾರ್ಡ್ಸ್ ರೆಜಿಮೆಂಟಿನ ಗೌರವ ಮುಖ್ಯಸ್ಥನೂ ಹೌದು. ಒಂದು ಮಾತು ಹೋಯಿತು, ಕೆಲಸ ಆಯಿತು. ಇನ್‌ಫ್ಲುಯೆನ್ಸ್ ಬಳಸಿ ಮಗನಿಗೆ ಕೆಲಸ ಕೊಡಿಸುವ ಅಪ್ಪಂದಿರನ್ನು ನಾವೂ ನೋಡಿದ್ದೇವೆ. ಇವನು ಕೊಡಿಸಿದ್ದು ಕಂದಕದಲ್ಲಿ ನಿಲ್ಲುವ ಕೆಲಸ.

1915ರ ಆಗಸ್ಟಿನಲ್ಲಿ ಜಾನ್ ಫ್ರಾನ್ಸಿಗೆ ಹೋದ. ಅದೇ ತಿಂಗಳ 17ಕ್ಕೆ ಅವನಿಗೆ 18 ತುಂಬಿತು. ಸೆಪ್ಟೆಂಬರ್ 25ಕ್ಕೆ ಲೂಸ್ ಎಂಬಲ್ಲಿ ದೊಡ್ಡ ದಾಳಿ ಶುರುವಾಯಿತು. ಬ್ರಿಟಿಷರು ಮೊದಲ ಸಲ ವಿಷಾನಿಲ ಬಿಟ್ಟದ್ದು ಅಲ್ಲೇ. ಅದು ಕೆಲವು ಕಡೆ ಗಾಳಿ ತಿರುಗಿ ಬಿಟ್ಟವರ ಮೇಲೆಯೇ ಬಂತು. 27ಕ್ಕೆ ಐರಿಷ್ ಗಾರ್ಡ್ಸ್ ನುಗ್ಗಿತು. ಅವತ್ತೇ ಜಾನ್ ಕಾಣೆಯಾದ. ಹುಟ್ಟುಹಬ್ಬ ಕಳೆದು ಆರು ವಾರವೂ ಆಗಿರಲಿಲ್ಲ.

ಮನೆಗೆ ಟೆಲಿಗ್ರಾಂ ಬಂತು. ಗಾಯವಾಗಿದೆ, ಕಾಣೆಯಾಗಿದ್ದಾನೆ. ಸತ್ತ ಅಂತ ಇಲ್ಲ. ಸಿನಿಮಾ ನಿಜವಾಗಿ ಶುರುವಾಗುವುದೇ ಇಲ್ಲಿಂದ. ಸಾಮಾನ್ಯವಾಗಿ ಯುದ್ಧದ ಸಿನಿಮಾದಲ್ಲಿ ಮಗ ಬೀಳುತ್ತಾನೆ, ಬಾವುಟ ಹಾರುತ್ತೆ, ಹಿನ್ನೆಲೆಯಲ್ಲಿ ಸಂಗೀತ ಏರುತ್ತೆ, ಅಮ್ಮನ ಕಣ್ಣೀರು ಒಂದೇ ಶಾಟ್‌ನಲ್ಲಿ ಮುಗಿಯುತ್ತೆ. ಇಲ್ಲಿ ಹಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಗಾಯಗೊಂಡು ವಾಪಸ್ ಬಂದ ಸೈನಿಕರ ಮಂಚದ ಪಕ್ಕ ಕೂತು, ನನ್ನ ಮಗನನ್ನು ನೋಡಿದ್ರಾ, ಎಲ್ಲಿ ನೋಡಿದ್ರಿ, ಆಗ ನಿಂತಿದ್ದನಾ ಬಿದ್ದಿದ್ದನಾ ಅಂತ ಕೇಳುತ್ತಾರೆ. ಇದು ಬರೀ ಸಿನಿಮಾದ ಮಾತಲ್ಲ, ನಿಜವಾಗಿಯೂ ಹಾಗೇ ಹುಡುಕಿದರು. ಜರ್ಮನ್ ಸಾಲುಗಳ ಮೇಲೆ ವಿಮಾನದಿಂದ ಕರಪತ್ರ ಬೀಳಿಸುವವರೆಗೂ ಹೋಯಿತು ಆ ಹುಡುಕಾಟ. ಶತ್ರು ದೇಶದ ಜನರನ್ನು ಬಾಯಿಗೆ ಬಂದ ಹಾಗೆ ಬೈದು ಬರೆಯುತ್ತಿದ್ದವನು ಅದೇ ಶತ್ರುವಿನ ಹತ್ತಿರ ಮಗನನ್ನು ಕೇಳಬೇಕಾಯಿತು!

ಕೊನೆಗೆ ಸಿನಿಮಾದಲ್ಲಿ ಒಬ್ಬ ಸೈನಿಕ ಮನೆಗೇ ಬಂದು ಜಾನ್ ಹೇಗೆ ಸತ್ತ ಅಂತ ಹೇಳುತ್ತಾನೆ. ಬಹಳ ಚೆನ್ನಾಗಿ ತೆಗೆದ ದೃಶ್ಯ. ಆದರೆ ನಡೆದದ್ದು ಬೇರೆ. ಒಬ್ಬ ಸೈನಿಕ ಜಾನ್‌ನನ್ನು ಕಂಡೆ ಅಂತ ಹೇಳಿದ್ದು ಹೌದು. ಶೆಲ್ ತಗುಲಿ ಬಾಯಿ ಛಿದ್ರವಾಗಿತ್ತು, ಅದಕ್ಕೆ ಬ್ಯಾಂಡೇಜು ಕಟ್ಟಿಕೊಳ್ಳಲು ಹೆಣಗುತ್ತಾ ನೋವಿಗೆ ಅಳುತ್ತಿದ್ದ ಅಂತ. ಅವನು ಅದನ್ನು ಹೇಳಿದ್ದು ಕಿಪ್ಲಿಂಗ್‌ನ ಸ್ನೇಹಿತ, ಕಾದಂಬರಿಕಾರ ರೈಡರ್ ಹ್ಯಾಗರ್ಡ್‌ಗೆ. ಹ್ಯಾಗರ್ಡ್ ಡೈರಿಯಲ್ಲಿ ಬರೆದುಕೊಂಡ. ಇದನ್ನು ಅಪ್ಪನಿಗೆ ತಿಳಿಸಲಾರೆ, ತೀರಾ ಘೋರ ಅಂತ ಸುಮ್ಮನಾದ.

ನನಗೆ ಸಿನಿಮಾದ ದೃಶ್ಯಕ್ಕಿಂತ ಇದೇ ಜಾಸ್ತಿ ಕಾಡಿತು. ಸಿನಿಮಾ ಅಪ್ಪ ಅಮ್ಮನಿಗೆ ಒಂದು ಉತ್ತರ ಕೊಟ್ಟು ಕಳಿಸುತ್ತೆ. ಬದುಕು ಕೊಡಲಿಲ್ಲ. ಗೊತ್ತಿದ್ದವನೂ ಹೇಳಲಿಲ್ಲ. ಆ ಸ್ನೇಹಿತ ಮಾಡಿದ್ದು ಸರೀನಾ? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಅನಿಸುತ್ತೆ, ಆದರೆ ನನ್ನ ಮಗನ ವಿಷಯವಾಗಿದ್ದರೆ ಹೇಳಬೇಕಿತ್ತು ಅಂತ ಜಗಳ ಮಾಡುತ್ತಿದ್ದೆ.

ಅಮ್ಮನ ವಿಷಯಕ್ಕೆ ಬರೋಣ. ಕಿಮ್ ಕ್ಯಾಟ್ರಲ್ ಮಾಡಿರುವ ಪಾತ್ರ. ಸಿನಿಮಾದಲ್ಲಿ ಅಪ್ಪ ಕಳಿಸುವವನು, ಅಮ್ಮ ಬೇಡ ಅನ್ನುವವಳು. ನೋಡುವವರಿಗೆ ಸುಲಭ, ಯಾರನ್ನು ಬೈಯಬೇಕು ಅಂತ ತಕ್ಷಣ ಗೊತ್ತಾಗುತ್ತೆ. ನಿಜವಾದ ಕ್ಯಾರಿ ಕಿಪ್ಲಿಂಗ್ ಬರೆದ ಒಂದು ಕಾಗದ ಇದೆ. ಸ್ನೇಹಿತರ, ಅಕ್ಕಪಕ್ಕದವರ ಮಕ್ಕಳು ಸಾಯುತ್ತಿರುವಾಗ ನಮ್ಮ ಮಗನನ್ನು ಮಾತ್ರ ಉಳಿಸಿಕೊಳ್ಳುವುದು ಆಗದ ಮಾತು ಅನ್ನುವುದು ಅದರ ತಾತ್ಪರ್ಯ. ಅಂದರೆ ಅವಳಿಗೂ ಗೊತ್ತಿತ್ತು, ಒಪ್ಪಿಯೂ ಇದ್ದಳು. 1899ರಲ್ಲಿ ಆರು ವರ್ಷದ ಮಗಳನ್ನು ನ್ಯುಮೋನಿಯಾಗೆ ಕಳೆದುಕೊಂಡ ತಾಯಿ ಅವಳು. ಅಂಥವಳು ಆ ಕಾಗದ ಬರೆಯುವಾಗ ಕೈ ಹೇಗೆ ಓಡಿತೋ! ಇಬ್ಬರೂ ಸೇರಿ ಕಳಿಸಿದ ಕಥೆ, ಅಪ್ಪನೊಬ್ಬನೇ ಕಳಿಸಿದ ಕಥೆಗಿಂತ ಭಯಾನಕ. ಸಿನಿಮಾ ಅಲ್ಲಿಗೆ ಹೋಗಬೇಕಿತ್ತು.

ಆಮೇಲಿನದ್ದು ಕೇಳಿ. 1917ರಲ್ಲಿ ಕಿಪ್ಲಿಂಗ್ ಯುದ್ಧ ಸಮಾಧಿಗಳ ಆಯೋಗ ಸೇರಿದ. ಗುರುತು ಸಿಗದ ಸೈನಿಕರ ಕಲ್ಲಿನ ಮೇಲೆ ‘ದೇವರಿಗೆ ಗೊತ್ತಿರುವವನು’ ಎಂಬ ಅರ್ಥದ ಮಾತು ಕೆತ್ತಿರುತ್ತಾರಲ್ಲ, ಅದನ್ನು ಆರಿಸಿದ್ದು ಅವನೇ. ಐರಿಷ್ ಗಾರ್ಡ್ಸ್‌ನ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದ, 1923ರಲ್ಲಿ ಬಂತು. ಅಷ್ಟು ದಪ್ಪ ಪುಸ್ತಕದಲ್ಲಿ ಮಗನ ಸುದ್ದಿ ಬೇರೆ ಅಧಿಕಾರಿಗಳ ಹೆಸರಿನ ನಡುವೆ ಹಾಗೇ ಬಂದು ಹಾಗೇ ಹೋಗುತ್ತೆ. ನನ್ನ ಮಗ ಅನ್ನುವ ಅಳಲು ಅಲ್ಲಿಲ್ಲ. ಅವನು 1936ರಲ್ಲಿ ಸತ್ತ, ಮಗನ ಸಮಾಧಿ ಎಲ್ಲಿ ಅಂತ ಗೊತ್ತಾಗದೆ. 1992ರಲ್ಲಿ, ಅದೇ ಅಪ್ಪ ಆರಿಸಿದ ಮಾತು ಕೆತ್ತಿದ್ದ ಒಂದು ಅನಾಮಧೇಯ ಕಲ್ಲನ್ನು ಜಾನ್‌ನದೇ ಅಂತ ಆಯೋಗ ಹೇಳಿತು. ಅದು ಅವನದಲ್ಲ ಅಂತ ವಾದಿಸಿದವರೂ ಇದ್ದಾರೆ.

ಈಗ ನನ್ನ ತಕರಾರು. ಸಿನಿಮಾ ಮುಗಿದಾಗ ಕಿಪ್ಲಿಂಗ್ ಮೇಲೆ ಅಯ್ಯೋ ಪಾಪ ಅನಿಸುತ್ತೆ. ಇಷ್ಟು ನೊಂದವನು ಇನ್ನು ಬೇರೆಯವರ ಮಕ್ಕಳ ಬಗ್ಗೆ ಮೊದಲಿನ ಹಾಗೆ ಮಾತಾಡಲಾರ ಅಂತ ನಾವೇ ಅಂದುಕೊಂಡುಬಿಡುತ್ತೇವೆ. ಅಪ್ಪಂದಿರು ಸುಳ್ಳು ಹೇಳಿದ್ದಕ್ಕೆ ನಾವು ಸತ್ತೆವು ಅಂತ ಸತ್ತ ಸೈನಿಕರಿಂದ ಹೇಳಿಸಿದ ಅವನ ಸಾಲುಗಳನ್ನು ಪಶ್ಚಾತ್ತಾಪ ಅಂತ ಹಂಚಿಕೊಳ್ಳುವವರು ಎಷ್ಟೋ ಜನ. ಆದರೆ ಅದು ಸಿದ್ಧತೆ ಇಲ್ಲದೆ ದೇಶವನ್ನು ಯುದ್ಧಕ್ಕೆ ಇಳಿಸಿದ ರಾಜಕಾರಣಿಗಳಿಗೆ ಹೊಡೆದ ಮಾತು ಅಂತಲೂ ಓದಬಹುದು. ನನಗೆ ಈ ಓದೇ ಸರಿ ಅನಿಸುತ್ತೆ. ಯಾಕೆಂದರೆ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡಯರ್ ಗುಂಡು ಹಾರಿಸಿದ, ಸರ್ಕಾರದ ಲೆಕ್ಕದಲ್ಲೇ 379 ಜನ ಸತ್ತರು, ಮರುವರ್ಷ ಒಂದು ಇಂಗ್ಲಿಷ್ ಪತ್ರಿಕೆ ಡಯರ್‌ಗಾಗಿ ಚಂದಾ ಎತ್ತಿತು. ಕಿಪ್ಲಿಂಗ್ 10 ಪೌಂಡ್ ಕೊಟ್ಟ. ಮಗ ಹೋಗಿ ಐದು ವರ್ಷ ಆಗಿತ್ತು. ಅಮೃತಸರದಲ್ಲೂ ಆ ರಾತ್ರಿ ಮಕ್ಕಳನ್ನು ಹುಡುಕಿದ ಅಪ್ಪ ಅಮ್ಮಂದಿರಿದ್ದರು.

ಇನ್ನೂ ಗೋಜಲಾಗಬೇಕೆಂದರೆ, ಫ್ರಾನ್ಸಿನ ನೂವ್ ಶಪೆಲ್‌ನಲ್ಲಿ ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರಿರುವ ಸ್ಮಾರಕ 1927ರಲ್ಲಿ ತೆರೆದಾಗ ಅಲ್ಲಿ ಇದೇ ಕಿಪ್ಲಿಂಗ್ ಇದ್ದ, ಗೌರವ ಸಲ್ಲಿಸಿದ. ಬ್ರಿಟನ್ನಿಗಾಗಿ ಸತ್ತ ಭಾರತೀಯ ಒಳ್ಳೆಯವನು, ಬ್ರಿಟನ್ನಿನ ಗುಂಡಿಗೆ ಸತ್ತ ಭಾರತೀಯ ಬೇರೆ. ಒಂದೇ ತಲೆಯಲ್ಲಿ ಎರಡೂ ಆರಾಮಾಗಿ ಕೂತಿದ್ದವು.

ಹಾಗಂತ ಆ ಸಾಮ್ರಾಜ್ಯವಾದಿಗೆ ಹಾಗೇ ಆಗಬೇಕಿತ್ತು ಅನ್ನುವವರ ಜೊತೆ ನಾನಿಲ್ಲ. ಸತ್ತದ್ದು ಅವನಲ್ಲ, 18ರ ಹುಡುಗ. ಆದರೆ ದುಃಖ ಬಂದರೆ ಮನುಷ್ಯ ಮೆತ್ತಗಾಗುತ್ತಾನೆ ಅಂತ ಯುದ್ಧದ ಸಿನಿಮಾಗಳು ಹೇಳುತ್ತಲೇ ಇರುತ್ತವಲ್ಲ, ಅದನ್ನು ನಂಬೋಕೆ ಈ ಮನುಷ್ಯ ಬಿಡುವುದಿಲ್ಲ. ಆ 10 ಪೌಂಡನ್ನೂ ಸೇರಿಸಿ ಯಾರಾದರೂ ಕಿಪ್ಲಿಂಗ್ ಸಿನಿಮಾ ಮಾಡಿದರೆ ಮೊದಲ ದಿನವೇ ಟಿಕೆಟ್ ತಗೊಳ್ಳುತ್ತೇನೆ. ಅಲ್ಲಿಯವರೆಗೆ ಇದನ್ನೇ ನೋಡಿ, ಡೇವಿಡ್ ಹೇಗ್‌ಗಾಗಿಯಾದರೂ.