ಕೂಸು ‘ಎತ್ಕೋ’ ಅಂದ್ರ ಹಟ ಅಲ್ರಿ, ಅಂಗಾಲು ಸುಡಾಕತ್ತಾವ

ಮೇ ತಿಂಗಳ ಮಟಮಟ ಮಧ್ಯಾಹ್ನ ಗಂಗಾವತಿ ಹತ್ರದ ಅಂಜನಾದ್ರಿ ಬೆಟ್ಟದ ಮೆಟ್ಟಿಲ ಮ್ಯಾಲೆ ಎರಡು ವರ್ಷದ ಕೂಸನ್ನ ಬರಿಗಾಲಿಲೆ ನಿಲ್ಲಿಸಿ ಫೋಟೋ ಹೊಡಿಯೋರಿಗೆ ಏನನ್ನಬೇಕು? ಅದು ಒಂದು ಕಾಲು ಎತ್ತತೈತಿ, ಇನ್ನೊಂದು ಎತ್ತತೈತಿ, ಕೈ ಚಾಚಿ ‘ಎತ್ಕೋ ಎತ್ಕೋ’ ಅಂತ ಅಳತೈತಿ. ದೊಡ್ಡವರು, ‘ಹಟ ಮಾಡಬ್ಯಾಡ, ಜೈ ಹನುಮಾನ್ ಅನ್ನು, ಇನ್ನೊಂಚೂರು ಐತಿ ನಡಿ’ ಅಂತಾರ. 575 ಮೆಟ್ಟಿಲು ಒಂಚೂರು ಏನ್ರಿ? ಸೂಟಿ ಬಂತಂದ್ರ ಸಾಕು, ಪ್ರತಿ ವರ್ಷ ಇದೇ ಹಾಡು.

ನಿಮ್ಮ ಅಂಗಾಲು ವರ್ಷಾನುಗಟ್ಟಲೆ ನಡೆದು ದಡ್ಡುಗಟ್ಟಿರ್ತಾವ. ನಡಿಯೋದು ಈಗ ಕಲಿತ ಕೂಸಿನ ಅಂಗಾಲು ಇನ್ನೂ ಎಳಸು, ಚರ್ಮ ತೆಳು. ಗಾಳಿ 42 ಡಿಗ್ರಿ ಇದ್ದಾಗ ಬಿಸಿಲಿಗೆ ಬಿದ್ದ ಕಲ್ಲು 55 ದಾಟೋದು ದೊಡ್ಡ ಮಾತಲ್ಲ. 60 ಡಿಗ್ರಿ ನೀರು ದೊಡ್ಡವರ ಚರ್ಮಾನ ಐದಾರು ಸೆಕೆಂಡಿನಾಗ ಸುಡತೈತಿ, ಕೂಸಿಂದು ಅದಕ್ಕಿಂತ ಮೊದಲ. ಕಲ್ಲು ನೀರಿಗಿಂತ ಚೂರು ನಿಧಾನ, ಅಷ್ಟ. ಮ್ಯಾಲಿಂದ ಸಣ್ಣ ಮಕ್ಕಳಿಗೆ ನೆರಳಿಗೆ ಓಡಬೇಕು ಅಂತ ತಿಳಿಯಂಗಿಲ್ಲ, ನಿಂತಲ್ಲೇ ನಿಂತು ಅಳ್ತಾವ. ಕಲ್ಲು ಕುಡಿದ ಬಿಸಿ ಸಂಜಿ ಐದಾದ್ರೂ ಪೂರ್ತಿ ಇಳಿದಿರಂಗಿಲ್ಲ. ಅಂಗೈ ಹಿಂಭಾಗ ಕಲ್ಲಿಗೆ ಒತ್ತಿ ಹತ್ತು ಎಣಿಸ್ರಿ. ತಡಕೊಳ್ಳಾಕ ಆಗಲಿಲ್ಲಂದ್ರ ಕೂಸನ್ನ ಇಳಸಬ್ಯಾಡ್ರಿ. ಬೆಳಿಗ್ಗೆ ಎಂಟರೊಳಗ ಹತ್ತಿ ಇಳೀರಿ, ಇಲ್ಲಾ ಹೊತ್ಕೊಂಡು ಹೋಗ್ರಿ. ದಪ್ಪ ಕಾಟನ್ ಸಾಕ್ಸ್ ಹಾಕೋದಾದ್ರ ಅಡಿಗೆ ರಬ್ಬರ್ ಚುಕ್ಕಿ ಇರೋವ ಹಾಕ್ರಿ, ಬರೀ ಸಾಕ್ಸ್ ನುಣುಪು ಮೆಟ್ಟಿಲ ಮ್ಯಾಲೆ ಜಾರತಾವ. ಹುಲಿಗಿ ಗುಡಿ ಅಂಗಳಕ್ಕೂ, ಪಾರ್ಕಿನ ಕಬ್ಬಿಣದ ಜಾರುಬಂಡಿಗೂ ಇದೇ ಲೆಕ್ಕ.

ಸುಟ್ಟ ಮ್ಯಾಲೆ ನಡಿಯೋ ವೈದ್ಯ ಐತಲ್ಲ, ಅದು ಇನ್ನೂ ಸಿಟ್ಟು ತರಸತೈತಿ. ಒಬ್ಬರು ಟೂತ್‌ಪೇಸ್ಟ್ ಅಂತಾರ, ಒಬ್ಬರು ಅರಿಷಿಣ, ಒಬ್ಬರು ತುಪ್ಪ, ಇನ್ನೊಬ್ಬರು ಕೂಲ್‌ಡ್ರಿಂಕ್ಸ್ ಅಂಗಡಿಗೆ ಓಡಿ ಐಸ್ ತರ್ತಾರ. ಪೇಸ್ಟ್ ತಂಪನಿಸತೈತಿ, ಒಳಗಿನ ಬಿಸಿ ತೆಗಿಯಂಗಿಲ್ಲ. ಒಣಗಿ ಅಂಟಿಕೊಂಡದ್ದನ್ನ ಆಮ್ಯಾಲೆ ಡಾಕ್ಟರ್ ಕೆರೀಬೇಕು, ಕೂಸು ಎರಡನೇ ಸಲ ಅಳಬೇಕು. ಅರಿಷಿಣ ಬಣ್ಣ ಮುಚ್ಚತೈತಿ, ಸುಟ್ಟದ್ದು ಎಷ್ಟು ಆಳ ಅಂತ ಕಾಣಂಗಿಲ್ಲ. ತುಪ್ಪ ಬಿಸೀನ ಒಳಗ ಹಿಡಿದಿಡತೈತಿ. ಐಸ್ ರಕ್ತನಾಳ ಬಿಗಿ ಮಾಡಿ ಗಾಯ ಆಳ ಮಾಡತೈತಿ.

ಬೇಕಾದ್ದು ತಣ್ಣೀರು, 20 ನಿಮಿಷ. ಎರಡು ನಿಮಿಷ ಅಲ್ಲ, ಇಪ್ಪತ್ತು! ಸುಟ್ಟು ಮೂರು ತಾಸಿನೊಳಗ ಮಾಡಿದ್ರೂ ಉಪಯೋಗ ಐತಿ. ಆದ್ರ ನಮ್ಮ ಕಡೆ ಬ್ಯಾಸಿಗ್ಯಾಗ ಸಿಂಟೆಕ್ಸ್ ನಳದ ಮೊದಲ ನೀರು ಕೈ ಸುಡೋಹಂಗ ಇರತೈತಿ, ಬಿಸಿಲಿಗೆ ಬಿದ್ದ ಪೈಪಿಂದೂ ಹಂಗ. ಮೊದಲು ಹರಿಯಾಕ ಬಿಟ್ಟು, ಕೈಲೆ ಮುಟ್ಟಿ ನೋಡಿ ಆಮ್ಯಾಲೆ ಕಾಲು ಹಿಡೀರಿ. ನಳ ಇಲ್ಲಾಂದ್ರ ಕುಡಿಯೋ ನೀರಿನ ಬಾಟಲಿ ಸಾಕು: ಕೆಳಗ ಒಂದು ಡಬ್ಬಿ ಇಟ್ಟು ಸುರೀರಿ, ಬಿದ್ದ ನೀರು ಸ್ವಚ್ಛ ಇದ್ದು ಬೆಚ್ಚಗಾಗಿರಲಿಲ್ಲಂದ್ರ ಮತ್ತ ಅದನ್ನ ಸುರೀರಿ. ಮೊದಲು ಕಾಲ್ಗೆಜ್ಜಿ, ಕಡಗ ಬಿಚ್ಚರಿ, ಬಾವು ಬಂದ ಮ್ಯಾಲೆ ಹೊರಗ ಬರಂಗಿಲ್ಲ. ಆಮ್ಯಾಲೆ ತೊಳೆದ ಹತ್ತಿ ಬಟ್ಟಿ ಸಡಿಲ ಸುತ್ರಿ. ಗುಳ್ಳಿ ಒಡೀಬ್ಯಾಡ್ರಿ, ಅದರ ಕೆಳಗಿನ ಹಸಿ ಚರ್ಮಕ್ಕ ಅದೇ ಹೊದಿಕಿ.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಕೊಡೋರು ಬಾಟಲಿ ಮ್ಯಾಲಿಂದು ಓದ್ರಿ. 5 ಎಂ.ಎಲ್.ನಾಗ 120, 125 ಮಿಲಿಗ್ರಾಂ ಇರೋದೂ ಐತಿ, 250 ಇರೋದೂ ಐತಿ. ಒಂದೇ ಮುಚ್ಚಳಿಕಿ ಅಳತಿ ಹಿಡಿದ್ರ ಔಷಧ ಎರಡು ಪಟ್ಟು ಹೋಗತೈತಿ. ಕಿಲೋಗೆ 15 ಮಿಲಿಗ್ರಾಂ ಲೆಕ್ಕ: ಹತ್ತು ಕಿಲೋ ಕೂಸಿಗೆ 150, ಅಂದ್ರ 250ರ ಸಿರಪ್ ಬರೀ 3 ಎಂ.ಎಲ್. ಮತ್ತ ಕೊಡಾಕ ಕನಿಷ್ಠ ನಾಕು ತಾಸು ಬಿಡ್ರಿ.

ಅಂಗಾಲಾಗ ಗುಳ್ಳಿ ಎದ್ದಿದ್ರ, ಚರ್ಮ ಬೆಳ್ಳಗಾಗಿ ಮುಟ್ಟಿದ್ರೂ ಗೊತ್ತಾಗಲಿಲ್ಲಂದ್ರ, ಕೂಸು ಕಾಲು ಊರಾಕ ಒಲ್ಲೆ ಅಂದ್ರ ಸೀದಾ ಗಂಗಾವತಿ ದವಾಖಾನಿಗೆ ನಡೀರಿ. ‘ಇಷ್ಟು ದೂರ ಬಂದೀವಿ, ದರ್ಶನ ಮುಗಿಸ್ಕೊಂಡ ಹೋದ್ರಾತು’ ಅನ್ನೋ ಅಜ್ಜಾರ ಮಾತಿಗೆ ಅವತ್ತೊಂದಿನ ಹೂಂ ಅನ್ನಬ್ಯಾಡ್ರಿ.