ಫ್ಲೆಕ್ಸಿನ ನೆರಳಲ್ಲಿ ರಾಮನ್ ಪರಿಣಾಮ

ರಾಷ್ಟ್ರೀಯ ವಿಜ್ಞಾನ ದಿನದ ಹೆಸರಲ್ಲಿ ಎರಡು ದಿನ ನಡೆದ ಆ ಉಚಿತ ವಿಜ್ಞಾನ ಹಬ್ಬಕ್ಕೆ ನೀವೂ ಹೋಗಿದ್ದಿರಿ. ನೀವು ಹೋಗಿಲ್ಲದಿದ್ದರೆ ನಿಮ್ಮ ಷಡ್ಡಕ ಹೋಗಿರುತ್ತಾನೆ. ಮಕ್ಕಳುಮರಿ ಸಮೇತ ಇಡೀ ಬಡಾವಣೆಯೇ ಅಲ್ಲಿತ್ತು. ಪ್ರವೇಶ ಉಚಿತ, ಪಾರ್ಕಿಂಗ್ ಐವತ್ತು ರೂಪಾಯಿ. ಯಾವ ಕಾಲೇಜು ಅಂತ ಮಾತ್ರ ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲೇಜುಗಳು ಜಿಲ್ಲೆಗೆ ನಾಲ್ಕಾದರೂ ಸಿಗುತ್ತವೆ.

ಕುಂಬಳಕಾಯಿ ಅಂದೆನಲ್ಲ, ಗೇಟಿನಲ್ಲೇ ಒಂದು ಬೂದುಗುಂಬಳ ಒಡೆದಿದ್ದರು. ಒಳಗೆ ಕುಂಕುಮ, ಚಿಲ್ಲರೆ ಕಾಸು. ಹೊಸದಾಗಿ ತಂದ ದೂರದರ್ಶಕಕ್ಕೆ ದೃಷ್ಟಿಯಾಗಬಾರದಂತೆ. ಸರಿಯೇ, ದೂರದರ್ಶಕಕ್ಕೇ ದೃಷ್ಟಿದೋಷ ಬಂದರೆ ಯಾವ ಕಣ್ಣಿನ ಡಾಕ್ಟರು ನೋಡುತ್ತಾನೆ? ಅದನ್ನು ದಾಟಿಕೊಂಡು ಹೋಗುವಾಗ ಎಚ್. ನರಸಿಂಹಯ್ಯನವರು ನೆನಪಾದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಮೇಷ್ಟ್ರು. ಗಾಳಿಯಲ್ಲಿ ಕೈಯಾಡಿಸಿ ಉಂಗುರ, ವಿಭೂತಿ ತೆಗೆಯುವವರಿಗೆ ಅವರು ಕೇಳಿದ್ದು ಒಂದು ಕುಂಬಳಕಾಯಿ. ಉಂಗುರವಾದರೆ ಬೆರಳ ಸಂದಿಯಲ್ಲಿ ಕೂರುತ್ತದೆ, ಕುಂಬಳಕಾಯಿಯನ್ನು ಯಾವ ಜುಬ್ಬಾದ ತೋಳಲ್ಲಿ ಬಚ್ಚಿಡುತ್ತೀರಿ? ಅದೇ ಮೇಷ್ಟ್ರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರ ವಾರ ಪುಕ್ಕಟೆ ವಿಜ್ಞಾನ ಉಪನ್ಯಾಸ ಇಡಿಸುತ್ತಿದ್ದರು. ಆಗಲೂ ಪ್ರವೇಶ ಉಚಿತವೇ. ಆಗ ಕೇಳಿದ ಕುಂಬಳಕಾಯಿ ಈಗ ಬಂದಿದೆ, ಒಡೆದ ಸ್ಥಿತಿಯಲ್ಲಿ.

ಆಮಂತ್ರಣದಲ್ಲಿ ಉದ್ಘಾಟನೆ ಬೆಳಿಗ್ಗೆ ಒಂಬತ್ತೂವರೆಗೆ ಅಂತಿತ್ತು. ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಅಚ್ಚು ಹಾಕಿಸಿದ ಮೇಲೆ ಯಾರಿಗೋ ಹೊಳೆದಿದೆ. ಹಾಗಾಗಿ ದೀಪ ಹಚ್ಚುವುದು ಮುಂದಕ್ಕೆ ಹೋಯಿತು. ಹತ್ತೂವರೆಗೆ ರಾಹು ಹೊರಟ, ಮುಖ್ಯ ಅತಿಥಿಗಳು ಬರಲಿಲ್ಲ. ರಾಹುವಿನ ಸಮಯಪಾಲನೆಯನ್ನು ಈ ವಿಷಯದಲ್ಲಿ ಮೆಚ್ಚಲೇಬೇಕು. ಅತಿಥಿಗಳು ಬಂದದ್ದು ಹನ್ನೆರಡು ಕಾಲಿಗೆ. ಅಷ್ಟು ಹೊತ್ತೂ ಸ್ವಾಗತ ನೃತ್ಯದ ಮಕ್ಕಳು ಬಿಸಿಲಲ್ಲಿ ನಿಂತು ಶಾಖದ ಪ್ರಸಾರವನ್ನು ಪ್ರಾಯೋಗಿಕವಾಗಿ ಕಲಿತರು.

ಆಮೇಲೆ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಸರ್ಕಾರಿ ಸಮಾರಂಭಗಳಲ್ಲಿ ಹಾರ ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ 2021ರ ಆಗಸ್ಟ್‌ನಲ್ಲೇ ಆದೇಶವಾಗಿದೆ. ನಮ್ಮವರು ಆದೇಶ ಮೀರಲಿಲ್ಲ, ಹಣ್ಣಿನ ಬುಟ್ಟಿಯ ಮೇಲೆ ಒಂದು ಪುಸ್ತಕವನ್ನೂ ಇಟ್ಟರು. ಪೇಟ ಮಾತ್ರ ಹೊಲಿದು ತಂದ ರೆಡಿಮೇಡು, ಅತಿಥಿಗಳ ಕಿವಿ ದಾಟಿ ಹುಬ್ಬಿನವರೆಗೆ ಇಳಿಯಿತು. ಹಿಂದೆ ಫ್ಲೆಕ್ಸಿನಲ್ಲಿ ಸರ್ ಸಿ.ವಿ. ರಾಮನ್ನರ ಪೇಟವೂ ಇತ್ತು. ಫ್ಲೆಕ್ಸಿನ ತುಂಬ ಮುಖ್ಯ ಅತಿಥಿಗಳು, ಆಡಳಿತ ಮಂಡಳಿಯ ಅಧ್ಯಕ್ಷರು, ಅವರ ಮಗ. ಬಲಮೂಲೆಯಲ್ಲಿ ಅಂಚೆಚೀಟಿಯಷ್ಟು ರಾಮನ್. ನೊಬೆಲ್ ಬಂದವರಿಗೆ ಅಷ್ಟು ಜಾಗ ಬಿಟ್ಟದ್ದೇ ದೊಡ್ಡದು ಬಿಡಿ.

ಈ ಫ್ಲೆಕ್ಸಿನ ಬಗ್ಗೆ ಒಂದೆರಡು ಮಾತು ಹೆಚ್ಚು ಬೇಕು. ಎರಡು ಮಹಡಿಯಷ್ಟು ಎತ್ತರದ್ದು. ಅದನ್ನು ಇಳಿಬಿಟ್ಟಿದ್ದು ಭೌತಶಾಸ್ತ್ರ ಪ್ರಯೋಗಾಲಯದ ಕಿಟಕಿಗಳ ಮೇಲೆ. ಒಳಗೆ ಪಟ್ಟಕದ ಸ್ಟಾಲು. ಅಂದರೆ ಕಿಟಕಿಯಿಂದ ಬಂದ ಬಿಸಿಲ ಕೋಲು ಪಟ್ಟಕದ ಮೇಲೆ ಬಿದ್ದು ಗೋಡೆಯ ಮೇಲೆ ಏಳು ಬಣ್ಣ ಚೆಲ್ಲಬೇಕು. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕೂತು, ಚದುರಿದ ಬೆಳಕಿನ ಬಣ್ಣ ಬದಲಾಗುತ್ತದೆಂದು ಕಂಡುಹಿಡಿದ ಕೆಲಸದ ಆರಂಭದ ಪ್ರಯೋಗಗಳಿಗೂ ಬಳಸಿದ್ದು ಇದೇ ಬಿಸಿಲು. ಇಲ್ಲಿ ಬಿಸಿಲಿಗೆ ಅಡ್ಡವಾಗಿ ಸ್ವತಃ ರಾಮನ್ನರೇ ನೇತಾಡುತ್ತಿದ್ದರು. ಪಾಪ, ಅವರ ಪಾಲು ಒಂದು ಗಾಜಿನಷ್ಟು. ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿದ್ದು ಅಧ್ಯಕ್ಷರ ಮೀಸೆ. ಸ್ಟಾಲಿನ ಮೇಷ್ಟ್ರು ಮೊಬೈಲ್ ಟಾರ್ಚು ಹಿಡಿದು, ‘ಇಲ್ಲಿ ನೇರಳೆ ಇದೆ ಅಂತ ಅಂದ್ಕೊಳಿ’ ಅನ್ನುತ್ತಿದ್ದರು. ನನ್ನ ತಂಗಿಯ ಮಗ, ‘ಮಾವ, ಕಾಣ್ತಾ ಇಲ್ಲ’ ಅಂದ. ಅಂದ್ಕೊಳ್ಳೋ ಅಂದೆ. ನಾವೆಲ್ಲ ಹಾಗೇ ಅಂದುಕೊಂಡೇ ಪಾಸಾಗಿದ್ದು.

ಹೊರಗೆ ಭಾಷಣ ಶುರುವಾಗಿತ್ತು. ನಿರೀಕ್ಷೆಯಂತೆ ಅತಿಥಿಗಳು ಮೂರನೇ ನಿಮಿಷಕ್ಕೆ ಪುರಾತನ ವಿಮಾನ ಹತ್ತಿದರು. ಆ ವಿಮಾನಗಳ ವರ್ಣನೆಯಿರುವ ‘ವೈಮಾನಿಕ ಶಾಸ್ತ್ರ’ವೆಂಬ ಪುಸ್ತಕ ಹುಟ್ಟಿದ್ದು ದೂರದಲ್ಲಲ್ಲ, ಕಳೆದ ಶತಮಾನದಲ್ಲಿ ನಮ್ಮ ಆನೇಕಲ್ಲಿನ ಪಂಡಿತರೊಬ್ಬರು ಬರೆಸಿದ್ದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಶ್ರದ್ಧೆಯಿಂದ ಓದಿ, ಲೆಕ್ಕ ಹಾಕಿ, ಇವು ಹಾರುವ ಯಂತ್ರಗಳಲ್ಲ ಅಂತ ಬರೆದಿಟ್ಟರು. ಲೆಕ್ಕದಲ್ಲಿ ನೆಲ ಬಿಟ್ಟೇಳದ ವಿಮಾನ ವೇದಿಕೆಯಲ್ಲಿ ಮಾತ್ರ ಐವತ್ತು ವರ್ಷಗಳಿಂದ ಇಳಿದೇ ಇಲ್ಲ.

ಉಳಿದ ಸ್ಟಾಲುಗಳ ಬಗ್ಗೆ ಹೆಚ್ಚೇನಿಲ್ಲ. ಅರ್ಧ ಸಾಲು ನೀಟ್ ಕೋಚಿಂಗಿನವರದು, ಚೀಲ ಕೊಟ್ಟು ಅಪ್ಪಂದಿರ ಫೋನ್ ನಂಬರು ಬರೆಸಿಕೊಳ್ಳುತ್ತಿದ್ದರು. ಅಡುಗೆ ಸೋಡ, ವಿನೆಗರಿನ ಜ್ವಾಲಾಮುಖಿ ಹನ್ನೊಂದು. ಅಂಗಡಿಯಿಂದ ತಂದ ಥರ್ಮಾಕೋಲ್ ಸೌರಮಂಡಲ ಎಂಟು. ಅವುಗಳಲ್ಲಿ ಮೂರರಲ್ಲಿ ಪ್ಲೂಟೊ ಇನ್ನೂ ಗ್ರಹವಾಗಿಯೇ ಇದ್ದ. 2006ರ ಸುದ್ದಿ ಥರ್ಮಾಕೋಲಿನವರಿಗೆ ಮುಟ್ಟಿಲ್ಲ.

ಪಟ್ಟಕದ ಮೇಷ್ಟ್ರ ಜೊತೆ ಆಮೇಲೆ ಕ್ಯಾಂಟೀನಿನ ಹತ್ತಿರ ಟೀ ಕುಡಿದೆ. ಬೆಳಿಗ್ಗೆ ಆರಕ್ಕೆ ಬಂದು ಕುರ್ಚಿ ಹೊತ್ತವರು, ಸಂಜೆ ಅವನ್ನು ಮತ್ತೆ ಹೊರಬೇಕಾದವರು. ಹುದ್ದೆ ಏನು ಅಂದೆ. ‘ಅತಿಥಿ ಸರ್’ ಅಂದರು. ಹಬ್ಬದಲ್ಲಿ ಇಬ್ಬರೇ ಅತಿಥಿಗಳು ನೋಡಿ: ಒಬ್ಬರಿಗೆ ಪೇಟ, ಇನ್ನೊಬ್ಬರಿಗೆ ಕುರ್ಚಿ, ಅದೂ ತಲೆಯ ಮೇಲೆ. ಹತ್ತು ವರ್ಷದಿಂದ ಪಾಠ ಮಾಡುತ್ತಿರುವವರನ್ನು ಅತಿಥಿ ಅಂತ ಕರೆಯುವ ಭಾಷೆ ಯಾವ ಮನೆಯದು? ಹತ್ತು ವರ್ಷ ಉಳಿದವನು ನಮ್ಮೂರಲ್ಲಿ ಮನೆಯಳಿಯ. ಕೊಡುವುದು ಸಂಬಳವಲ್ಲ, ಗೌರವಧನ. ಅದೂ ರಜೆಯ ತಿಂಗಳಲ್ಲಿ ಇಲ್ಲ. 2023ರ ಕೊನೆಯಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗೆ ಬಂದು ಕೂತಾಗ ಓದಿದ್ದೆವು, ಪುಟ ತಿರುಗಿಸಿದ್ದೆವು. ಆ ಪಟ್ಟಕ ವರ್ಷಪೂರ್ತಿ ಇರುವುದು ಬೀರುವಿನಲ್ಲಿ. ವಿದ್ಯಾರ್ಥಿಗಳು ಮುಟ್ಟಿದರೆ ಒಡೆಯುತ್ತದೆ, ಒಡೆದರೆ ಆಡಿಟ್ಟಿನವರು ಕೇಳುತ್ತಾರೆ, ಕೇಳಿದರೆ ಕಟ್ಟಬೇಕಾದ್ದು ಈ ಗೌರವಧನದಿಂದ. ಆ ಕಾಲೇಜಿನದೇ ಬಿ.ಎಸ್ಸಿ. ಹುಡುಗಿಯೊಬ್ಬಳು ಸ್ಟಾಲಿನಲ್ಲಿ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಿದ್ದಳು, ಕೊನೇ ವರ್ಷದ ಕೊನೇ ಸೆಮಿಸ್ಟರಿನಲ್ಲಿ. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಎರಡು ದಿನ ಊರಿನ ಮಕ್ಕಳಿಗೆ ತೋರಿಸುವುದನ್ನು ಮಿಕ್ಕ ದಿನ ಸ್ವಂತ ಮಕ್ಕಳಿಗೆ ಮುಟ್ಟಗೊಡದಿದ್ದರೆ ಅದು ಹಬ್ಬವಲ್ಲ, ಕಳ್ಳತನ.

ಮೇಷ್ಟ್ರು ಟೀ ದುಡ್ಡು ನಾನು ಕೊಡಲು ಬಿಡಲಿಲ್ಲ. ‘ನೀವು ಅತಿಥಿಗಳು’ ಅಂದರು.

ಸೋಮವಾರ ಬೆಳಿಗ್ಗೆ ಆ ದಾರಿಯಲ್ಲೇ ಹೋದೆ. ಗೇಟಿನ ಎದುರು ಕಬ್ಬಿನ ಹಾಲಿನ ಗಾಡಿಯವನು ಆ ಫ್ಲೆಕ್ಸನ್ನು ಎರಡಾಗಿ ಕತ್ತರಿಸಿ ನಾಲ್ಕು ಗಳುವಿಗೆ ಕಟ್ಟಿದ್ದ. ಅಧ್ಯಕ್ಷರು ತಲೆಕೆಳಗಾಗಿದ್ದರು. ಅಡಿಯಲ್ಲಿ ಒಳ್ಳೆ ತಂಪು. ಬಿಸಿಲು ತಡೆಯುವುದರಲ್ಲಿ ಅದಕ್ಕೆ ಆಗಲೇ ಎರಡು ದಿನದ ಅನುಭವವಿತ್ತು.