ಪಾಲಿಕೆಯಲ್ಲಿ ನಮ್ಮ ಪಾಲು

ಕಸದ ಶುಲ್ಕದ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾರಂತೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ನನ್ನ ಅಭಿಪ್ರಾಯವನ್ನು ಮನೆಯಲ್ಲೇ ಯಾರಾದರೂ ಕೇಳಿ ಎಷ್ಟೋ ವರ್ಷ ಆಗಿದೆ. ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟೆ. 2025ರ ಮೇ ತಿಂಗಳ ಒಂದು ಶನಿವಾರ, ಬೆಂಗಳೂರಿನ ನಮ್ಮ ವಾರ್ಡ್ ಕಚೇರಿ.

ಶುಲ್ಕ ಜಾರಿಗೆ ಬಂದಿದ್ದು ಏಪ್ರಿಲ್ 1ಕ್ಕೆ. (ತಾರೀಖು ನಾನು ಆರಿಸಿದ್ದಲ್ಲ.) ಅಭಿಪ್ರಾಯ ಕೇಳಿದ್ದು ಮೇನಲ್ಲಿ. ತಾಳಿ ಕಟ್ಟಿಸಿ, ಊಟ ಬಡಿಸಿ, ಎಲೆ ಎತ್ತುವ ಹೊತ್ತಿಗೆ ಹುಡುಗಿಯನ್ನು ಪಕ್ಕಕ್ಕೆ ಕರೆದು, 'ಗಂಡು ಒಪ್ಪಿಗೆನಾ ಮಗು?' ಅಂದ ಹಾಗೆ. ಆದರೂ ಕೇಳಿದರಲ್ಲ, ಅದು ದೊಡ್ಡದು.

ನೋಟಿಸ್ ಎಲ್ಲಿತ್ತು ಅಂತೀರಾ? ಕಚೇರಿಯ ಒಳಗಿನ ಬೋರ್ಡಿನಲ್ಲೇ ಇತ್ತು. ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕುವ ಹಳೇ ನೋಟಿಸಿನ ಕೆಳಗೆ, ಅರ್ಧ ಮುಚ್ಚಿಕೊಂಡು. 'ಸಾರ್ವಜನಿಕರು ತಮ್ಮ ಸಲಹೆ ಮತ್ತು' ಅನ್ನುವವರೆಗೆ ಕಾಣುತ್ತಿತ್ತು. ಆಕ್ಷೇಪಣೆಯನ್ನು ನಾಯಿ ಮುಚ್ಚಿತ್ತು.

ನಲವತ್ತು ಕುರ್ಚಿ, ಒಂಬತ್ತು ಜನ. ಅದರಲ್ಲೂ ಇಬ್ಬರು ಖಾತಾ ಕೆಲಸಕ್ಕೆ ಬಂದು, ಫ್ಯಾನ್ ತಿರುಗುತ್ತಿದೆ ಅಂತ ಕೂತವರು. ಹೋದ ತಕ್ಷಣ ಹಾಜರಾತಿ ಪುಸ್ತಕ ಮುಂದೆ ಬಂತು. ಹೆಸರು, ಫೋನ್ ನಂಬರ್, ಸಹಿ. ಇನ್ನೂ ಬಾಯಿ ತೆರೆದಿಲ್ಲ, ಆಗಲೇ ನಾನು ಭಾಗವಹಿಸಿ ಆಗಿತ್ತು.

ನಮ್ಮ ಬೀದಿಯ ರಿಟೈರ್ಡ್ ಬ್ಯಾಂಕಿನವರೊಬ್ಬರು ಫೈಲು ಹಿಡಿದು ಎದ್ದು ನಿಂತರು. 'ಸ್ವಾಮಿ, 74ನೇ ತಿದ್ದುಪಡಿ ಆಗಿದ್ದು 1992ರಲ್ಲಿ. ಮೂರು ಲಕ್ಷ ಜನ ಇರೋ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ. ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷ. ನಮ್ಮ ಕಾರ್ಪೊರೇಟರ್ ಎಲ್ಲಿ?'

ಸಭೆ ನಡೆಸುತ್ತಿದ್ದ ನೋಡಲ್ ಅಧಿಕಾರಿ ಆಕಡೆ ಈಕಡೆ ನೋಡಿದರು, ಕಾರ್ಪೊರೇಟರ್ ಕುರ್ಚಿ ಕೆಳಗೆ ಎಲ್ಲಾದರೂ ಇದ್ದಾರೇನೋ ಅನ್ನುವ ಹಾಗೆ. ಪಾಪ, ಅವರೇನು ಮಾಡ್ತಾರೆ? ಆ ಹೊತ್ತಿಗೆ ಬೆಂಗಳೂರಿಗೆ ಕೊನೆಯ ಪಾಲಿಕೆ ಚುನಾವಣೆ ನಡೆದಿದ್ದು 2015ರಲ್ಲಿ. ಆಗ ಗೆದ್ದ 198 ಜನರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಸರ್ಕಾರ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿತು. 198 ಜನ ಕೂತು ಮಾಡುವ ಕೆಲಸ ಒಬ್ಬರ ಮೇಜಿಗೆ ಬಂತು.

ಇದರ ಅನುಕೂಲ ಯಾರೂ ಹೇಳಲ್ಲ, ನಾನೇ ಹೇಳ್ತೀನಿ. ಕೋರಂ ಯಾವಾಗಲೂ ಫುಲ್. ಧರಣಿ ಇಲ್ಲ, ಮೈಕ್ ಕೀಳುವುದಿಲ್ಲ, ಕಲಾಪ ಮುಂದೂಡುವುದಿಲ್ಲ. ಪ್ರಸ್ತಾವ ಓದಿದವರೂ ಅವರೇ, ಚರ್ಚಿಸಿದವರೂ ಅವರೇ, ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಸರ್ವಾನುಮತ. ಕಸಕ್ಕೆ ಶುಲ್ಕ ಬಂದಿದ್ದೂ ಇಂಥ ಕಾಲದಲ್ಲೇ. ಅದಾದ ಮೇಲೆ 2025ರ ಸೆಪ್ಟೆಂಬರ್ 2ಕ್ಕೆ ಒಂದು ಪಾಲಿಕೆ ಐದಾಯಿತು: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ಹುಟ್ಟುವಾಗ ಐದರಲ್ಲೂ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಐದು ತೊಟ್ಟಿಲು, ಜೋಗುಳ ಜೋರು, ಮಗು ಮಾತ್ರ ಇಲ್ಲ.

ಸಭೆಗೆ ವಾಪಸ್ ಬರೋಣ. 'ಒಳ್ಳೆಯ ಪಾಯಿಂಟು. ನೋಟ್ ಮಾಡ್ಕೊಳ್ರೀ' ಅಂದರು ಅಧಿಕಾರಿ. ಪಕ್ಕದ ಗುಮಾಸ್ತರ ಕೈಯಲ್ಲಿ ಬಿಸ್ಕತ್ತಿತ್ತು.

ಆಮೇಲೆ ಶುಲ್ಕದ ಪಟ್ಟಿ ಓದಿದರು. ಮನೆ 600 ಚದರಡಿ ಒಳಗಿದ್ದರೆ ತಿಂಗಳಿಗೆ 10 ರೂಪಾಯಿ. ಸಾವಿರದವರೆಗೆ 50. ಎರಡು ಸಾವಿರದವರೆಗೆ 100. ಹೀಗೇ ಮೆಟ್ಟಿಲು ಹತ್ತಿ 4,000 ದಾಟಿದರೆ 400. ಅಲ್ಲಿಗೆ ಮೆಟ್ಟಿಲು ಮುಗೀತು. ಅದರ ಮೇಲೆ ಅರಮನೆ ಕಟ್ಟಿಕೊಂಡರೂ 400ರೇ. ಆದರೆ 600ರ ಮನೆಯವನು ಬಾಲ್ಕನಿಗೆ ಗ್ರಿಲ್ ಹಾಕಿ ಒಂದೇ ಒಂದು ಅಡಿ ಜಾಸ್ತಿ ಮಾಡಿಕೊಂಡನೋ, 10 ಇದ್ದದ್ದು 50. ಆ ಒಂದು ಅಡಿಯಲ್ಲಿ ಅಷ್ಟೊಂದು ಕಸ ಹೇಗೆ ಬೀಳುತ್ತದೆ ಅಂತ ಕೇಳೋಣ ಅಂದುಕೊಂಡೆ. ಎದುರಿಗೆ ಆಗತಾನೇ ಟೀ ಬಂತು, ಸುಮ್ಮನಾದೆ.

ನಮ್ಮ ಎದುರುಮನೆ ಅಜ್ಜಿಯದು ಹಳೇ ಕಾಲದ ಮನೆ, 2,500 ಚದರಡಿ. ಇರೋದು ಅವರೊಬ್ಬರೇ. ದಿನಕ್ಕೆ ಎರಡು ಬಾಳೆಹಣ್ಣಿನ ಸಿಪ್ಪೆ, ಒಂದು ಹಿಡಿ ಕಾಫಿ ಚರಟ. ಅದನ್ನೂ ದಾಸವಾಳದ ಬುಡಕ್ಕೆ ಹಾಕ್ತಾರೆ. ಅವರಿಗೆ 150. ಪಕ್ಕದ ಮಹಡಿಯ ಸಣ್ಣ ಮನೆಯಲ್ಲಿ ಆರು ಜನ ಬ್ಯಾಚುಲರ್ ಹುಡುಗರು. ಶನಿವಾರ ರಾತ್ರಿಯ ಬಿರಿಯಾನಿ ಡಬ್ಬಗಳನ್ನೇ ಜೋಡಿಸಿದರೆ ಇನ್ನೊಂದು ಮಹಡಿ ಏಳುತ್ತದೆ. ಅವರಿಗೆ 10. ಟೇಪು ಹಿಡಿಯೋದು ಮನೆಗೆ, ಎತ್ತೋದು ಕಸ. ಇದಲ್ಲದೆ ಆಸ್ತಿ ತೆರಿಗೆ ಚೀಟಿಯಲ್ಲಿ ಘನತ್ಯಾಜ್ಯ ಉಪಕರ ಅಂತ ಮೊದಲಿಂದಲೂ ಒಂದು ಸಾಲಿದೆ. ಈಗ ಅದರ ಜೊತೆಗೆ ಶುಲ್ಕ. ಉಪಕರ ಕಸಕ್ಕೆ, ಶುಲ್ಕ ಕಸ ಎತ್ತೋದಕ್ಕೆ ಅಂತ ಒಬ್ಬರು ವಿವರಿಸಿದರು. ಅರ್ಥವಾದವರ ಹಾಗೆ ಎಲ್ಲರೂ ತಲೆ ಆಡಿಸಿದೆವು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸು ಎದ್ದರು. ಬ್ಲೌಸ್ ಹೊಲಿಯುವವರು, ಕೊರಳಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು. 'ಸಾರ್, ನಂದು ಬಾಡಿಗೆ ಮನೆ. ಓನರ್ ಅಂಕಲ್ ಕಸದ ದುಡ್ಡು ಅಂತ ತಿಂಗಳಿಗೆ ನೂರು ಇಸ್ಕೊಳ್ತಿದ್ದಾರೆ. ನಮ್ಮ ಬಿಲ್ಡಿಂಗಲ್ಲಿ ಐದು ಮನೆ. ಐವರ ಹತ್ರಾನೂ ತಗೊಳ್ತಾರೆ. ನಮ್ಮನೆ ನಾನೇ ಅಳೆದಿದ್ದೀನಿ, ನಾನೂರೈವತ್ತು ಅಡಿ.'

'ಅದು ನಿಮ್ಮ ಓನರ್‌ಗೂ ನಿಮಗೂ ಬಿಟ್ಟಿದ್ದಮ್ಮಾ. ನಮ್ಮ ವ್ಯಾಪ್ತಿಗೆ ಬರಲ್ಲ.'

'ಕಸದ ಆಟೋನೂ ಬರಲ್ಲ ಸಾರ್.'

ಇಡೀ ಸಭೆಯಲ್ಲಿ ಬಂದ ನಿಜವಾದ ಅಭಿಪ್ರಾಯ ಇದೊಂದೇ. ಫ್ಯಾನಿಗೆ ಕೂತಿದ್ದ ಇಬ್ಬರೂ ಚಪ್ಪಾಳೆ ತಟ್ಟಿದರು. ಅಧಿಕಾರಿ ಗಡಿಯಾರ ನೋಡಿಕೊಂಡು, ಹಸಿ ಕಸ, ಒಣ ಕಸ ಬೇರೆ ಮಾಡುವುದು ನಾಗರಿಕರ ಕರ್ತವ್ಯ ಅಂತ ಹತ್ತು ನಿಮಿಷ ಮಾತಾಡಿ ಸಭೆ ಮುಗಿಸಿದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಬ್ಯಾಂಕಿನವರು ಗೊಣಗುತ್ತಾ ಫೈಲು ಕಟ್ಟಿಕೊಂಡರು.

ಮುಂದಿನ ತಿಂಗಳು ನಡಾವಳಿ ನೋಡಿದೆ. ಮೂರೇ ಸಾಲು. ಸಭೆ ನಡೆಯಿತು. ನಾಗರಿಕರು ಉತ್ಸಾಹದಿಂದ ಭಾಗವಹಿಸಿದರು. ಶುಲ್ಕದ ಕುರಿತು ಸದರಿಯವರಿಗೆ ತಿಳಿವಳಿಕೆ ನೀಡಲಾಯಿತು. ಸದರಿಯವರು ಅಂದರೆ ನಾನು.

ಆವತ್ತು ಟೀ ಕುಡಿದಾದ ಮೇಲೆ ಪೇಪರ್ ಕಪ್ಪು ಎಲ್ಲಿ ಹಾಕೋದು ಅಂತ ಕಚೇರಿಯೆಲ್ಲ ಹುಡುಕಿದೆ. ಕಸದ ಬುಟ್ಟಿ ಎಲ್ಲೂ ಇರಲಿಲ್ಲ. ಅಟೆಂಡರನ್ನು ಕೇಳಿದರೆ, 'ಕಿಟಕಿ ಮೇಲೆ ಇಟ್ಬಿಡಿ ಸಾರ್' ಅಂದರು. ಅಲ್ಲಿ ಹಿಂದಿನ ಸಭೆಯ ಕಪ್ಪುಗಳು ಸಾಲಾಗಿ ಕೂತಿದ್ದವು, ಒಂದರೊಳಗೆ ಇರುವೆ. ಮನಸ್ಸಾಗದೆ ಕಪ್ಪು ಹಿಡಿದುಕೊಂಡೇ ಮನೆಗೆ ಬಂದೆ, ಒಣ ಕಸದ ಚೀಲಕ್ಕೆ ಹಾಕಿದೆ. ನಮ್ಮದು 1,100 ಚದರಡಿ. ಆ ಕಪ್ಪಿನದೂ ಸೇರಿ ತಿಂಗಳಿಗೆ 100.